ಹೂವಿನ ಹೊಟ್ಟೆಯೊಳಗೆ ಇಣುಕಿದ ಸ್ವಾಮಿ

ಈ ವಾರದ ಅಂಕಣಕ್ಕೆ ಕಾರಣ ಒಂದು ಜಗಳ. ನಮ್ಮ ದೇವಣಗಾಂವದಲ್ಲಿ ನಮ್ಮ ಓಣಿಯ ಮುತ್ಯಾ ಒಬ್ಬರಿಗೂ ಅವರ ಮೊಮ್ಮಗಳಿಗೂ ನಾಲ್ಕು ದಿನದಿಂದ ಮಾತಿಲ್ಲ. ಹುಡುಗಿ ಹತ್ತನೇ ಇಯತ್ತೆ. ಪರೀಕ್ಷೆ ಮುಗಿದ ಮೇಲೆ ವಿಜಯಪುರಕ್ಕೆ ಹೋಗಿ ಪಿಯುಸಿ ವಿಜ್ಞಾನ ಓದುತ್ತೇನೆ, ಮುಂದೆ ಜೀವಕೋಶದ ಮೇಲೆ ಸಂಶೋಧನೆ ಮಾಡುತ್ತೇನೆ ಅಂತ ಊಟಕ್ಕೆ ಕೂತಾಗ ಹೇಳಿದ್ದಾಳೆ. ಮುತ್ಯಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದರಂತೆ: "ಕಣ್ಣಿಗಿ ಕಾಣ್ಲಾರದ್ದನ್ನ ನೋಡಕೋತ ಕುಂತ್ರ ಹೊಟ್ಟಿ ತುಂಬತೈತೇನವಾ?"

ಡಾಕ್ಟರು ಅಂದಿದ್ದರೆ ಅವರಿಗೆ ಅರ್ಥವಾಗುತ್ತಿತ್ತು. ಎಂಜಿನಿಯರು, ಶಾಲೆಯ ಮೇಡಂ, ಬ್ಯಾಂಕಿನ ಕೆಲಸ, ಇವೂ ಅರ್ಥವಾಗುತ್ತಿದ್ದವು. ಜೀವಕೋಶ ನೋಡುವುದೂ ಒಂದು ಉದ್ಯೋಗವೇ? ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ನನ್ನ ಬಳಿ ಬಂದು ತಮ್ಮ ತಮ್ಮ ದೂರು ಹೇಳಿದರು. ಮುತ್ಯಾನ ಪ್ರಶ್ನೆ ತಪ್ಪು ಅಂತ ನನಗೆ ಅನ್ನಿಸಲಿಲ್ಲ. ಮೊಮ್ಮಗಳನ್ನು ಊರು ಬಿಟ್ಟು ಕಳಿಸುವವರು, ಖರ್ಚು ಹಾಕುವವರು ಕೇಳಲೇಬೇಕಾದ ಪ್ರಶ್ನೆ ಅದು. ಅದಕ್ಕೆ ಉತ್ತರವಾಗಿ ನಾನು ಇಬ್ಬರನ್ನೂ ಕೂರಿಸಿಕೊಂಡು ಒಬ್ಬ ದೊಡ್ಡವರ ಕಥೆ ಹೇಳಿದೆ. ಮಕ್ಕಳೆ, ನಿಮಗೂ ಅದನ್ನೇ ಹೇಳುತ್ತೇನೆ. ಅಜ್ಜ ಅಜ್ಜಿಯರೂ ಕೇಳಿಸಿಕೊಳ್ಳಲಿ. ಅವರಿಗೆ ಈ ಹೆಸರು ಮೊದಲೇ ಗೊತ್ತಿರಬಹುದು.

ಅವರ ಪೂರ್ತಿ ಹೆಸರು ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ. ಜನ ಕರೆಯುವುದು ಬಿ.ಜಿ.ಎಲ್. ಸ್ವಾಮಿ ಅಂತ. 1918ರಲ್ಲಿ ಹುಟ್ಟಿದರು, 1980ರಲ್ಲಿ ತೀರಿಕೊಂಡರು. ಅವರ ತಂದೆಯನ್ನು ನಿಮ್ಮ ಮನೆಯ ಹಿರಿಯರು ಖಂಡಿತ ಬಲ್ಲರು. 'ಮಂಕುತಿಮ್ಮನ ಕಗ್ಗ' ಬರೆದ ಡಿ.ವಿ. ಗುಂಡಪ್ಪನವರು, ಅಂದರೆ ಡಿವಿಜಿ. ತಂದೆ ಮೆಟ್ರಿಕ್ ಪರೀಕ್ಷೆ ದಾಟಿದವರಲ್ಲ. ಮಗ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿ, 1947ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಡಿ.ಎಸ್‌ಸಿ. ಪಡೆದರು. ಅದು ವಿಜ್ಞಾನದಲ್ಲಿ ಕೊಡುವ ಅತಿ ದೊಡ್ಡ ಪದವಿ. ಆಮೇಲೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಹೋಗಿ ಇರ್ವಿಂಗ್ ಬೈಲಿ ಎಂಬ ಹಿರಿಯ ವಿಜ್ಞಾನಿಯ ಜೊತೆ ಕೆಲಸ ಮಾಡಿ ಬಂದರು. 1953ರಿಂದ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಿದರು, ಅಲ್ಲಿಯೇ ಪ್ರಿನ್ಸಿಪಾಲರೂ ಆದರು.

ಇಷ್ಟು ಹೇಳಿದಾಗ ಮುತ್ಯಾ, "ಅಂವ ಏನ್ ನೋಡ್ತಿದ್ದ?" ಅಂದರು. ನಾನು ಹೇಳಿದೆ: ಹೂವು ಕಾಯಿಯಾಗುವಾಗ ಅದರ ಹೊಟ್ಟೆಯೊಳಗೆ ಏನು ನಡೆಯುತ್ತದೆ ಅಂತ ನೋಡುತ್ತಿದ್ದರು.

ಇದು ಸುಲಭದ ಮಾತಲ್ಲ. ನಮ್ಮ ಹಿಂಗಾರಿ ಜೋಳವನ್ನೇ ತೆಗೆದುಕೊಳ್ಳಿ. ಎಳ್ಳಮವಾಸ್ಯೆ ಸುಮಾರಿಗೆ ಹೊಲಕ್ಕೆ ಚರಗ ಚೆಲ್ಲಲು ಹೋದಾಗ ತೆನೆ ಗಮನಿಸಿ. ಅದು ಒಂದೇ ಸಲ ಹೂವಾಡುವುದಿಲ್ಲ. ತುದಿಯಲ್ಲಿ ಶುರುವಾಗಿ ದಿನಕ್ಕಿಷ್ಟು ಇಳಿಯುತ್ತ ಸುಮಾರು ಒಂದು ವಾರದಲ್ಲಿ ಬುಡ ಮುಟ್ಟುತ್ತದೆ. ತೆನೆಗೆ ಕೈ ತಾಗಿದರೆ ಅಂಗಿಗೆ ಹಳದಿ ಪುಡಿ ಹತ್ತುತ್ತದಲ್ಲ, ಅದು ಪರಾಗ. ಅದರ ಒಂದು ಕಣ ಹೂವಿನ ಗರಿಯಂಥ ತುದಿಯ ಮೇಲೆ ಬಿದ್ದು ಅಲ್ಲಿಂದ ಸಣ್ಣ ಕೊಳವೆಯೊಂದನ್ನು ಒಳಗೆ ಇಳಿಸುತ್ತದೆ. ಆಮೇಲೆ ಏನಾಯಿತು ಅಂತ ಬರಿಗಣ್ಣಿಗೆ ಕಾಣುವುದಿಲ್ಲ. ಕೆಲವು ದಿನದ ಮೇಲೆ ಕಾಳು ಹಿಚುಕಿದರೆ ಹಾಲು ಬರುತ್ತದೆ. ಇನ್ನೂ ಕೆಲವು ದಿನ ಕಳೆದರೆ ಸೀತನಿ. ಆಮೇಲೆ ಗಟ್ಟಿ ಜೋಳ.

ಆ ಹಾಲು ಎಲ್ಲಿಂದ ಬಂತು?

ಹೂವಿನ ಬುಡದಲ್ಲಿ ಅಂಡಾಶಯ ಎಂಬ ಪುಟ್ಟ ಗಂಟು ಇರುತ್ತದೆ. ಅದರೊಳಗೆ ಅಂಡಕ. ಅಂಡಕದೊಳಗೆ ಒಂದು ಕೋಶ ಒಡೆದು ನಾಲ್ಕಾಗುತ್ತದೆ. ಸಾಮಾನ್ಯವಾಗಿ ಅದರಲ್ಲಿ ಮೂರು ಸತ್ತುಹೋಗಿ ಒಂದು ಉಳಿಯುತ್ತದೆ. ಉಳಿದ ಕೋಶದ ಕೇಂದ್ರ ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗುತ್ತದೆ. ಹೆಚ್ಚಿನ ಹೂಗಳಲ್ಲಿ ಹೀಗೆ ಎಂಟು ಕೇಂದ್ರ, ಏಳು ಕೋಶ ಇರುವ ಒಂದು ಚೀಲ ಸಿದ್ಧವಾಗುತ್ತದೆ. ಲೆಕ್ಕ ತಪ್ಪಲಿಲ್ಲ ಮಕ್ಕಳೆ, ನಡುವಿನ ದೊಡ್ಡ ಕೋಶದಲ್ಲಿ ಎರಡು ಕೇಂದ್ರ ಇರುತ್ತವೆ, ಅದಕ್ಕೇ ಎಂಟಕ್ಕೆ ಏಳು. ಈ ಚೀಲಕ್ಕೆ ಭ್ರೂಣಚೀಲ ಅಂತ ಹೆಸರು. ಪರಾಗದ ಕೊಳವೆ ಇಲ್ಲಿಗೆ ಎರಡು ಗಂಡುಕೋಶಗಳನ್ನು ತಂದು ಬಿಡುತ್ತದೆ. ಒಂದು ಹೋಗಿ ಅಂಡದ ಜೊತೆ ಕೂಡಿ ಮೊಳಕೆಯಾಗುತ್ತದೆ. ಇನ್ನೊಂದು ನಡುವಿನ ಕೋಶದ ಎರಡು ಕೇಂದ್ರಗಳ ಜೊತೆ ಕೂಡುತ್ತದೆ. ಅದರಿಂದ ಮೊಳಕೆಯ ಬುತ್ತಿ ತಯಾರಾಗುತ್ತದೆ. ನಿಮ್ಮ ಪುಸ್ತಕದಲ್ಲಿ ಇದನ್ನು ಭ್ರೂಣಾಹಾರ ಅಂತ ಕರೆದಿದ್ದಾರೆ. ಒಂದೇ ಹೂವಿನಲ್ಲಿ ಎರಡು ಕೂಡಿಕೆ ನಡೆಯುತ್ತದೆ ಎಂಬುದನ್ನು 1898ರಲ್ಲಿ ರಷ್ಯಾದ ನವಾಶಿನ್ ಎಂಬವರು ಲಿಲ್ಲಿ ಜಾತಿಯ ಹೂಗಳಲ್ಲಿ ಮೊದಲು ಕಂಡರು. ಅಲ್ಲಿಯವರೆಗೆ ಕೋಟ್ಯಂತರ ಜನ ಸಾವಿರಾರು ವರ್ಷ ಧಾನ್ಯ ಬೆಳೆದು ತಿಂದಿದ್ದರು. ಒಬ್ಬರಿಗೂ ಇದು ಗೊತ್ತಿರಲಿಲ್ಲ.

ಜೋಳದ ಹಾಲು ಅಂದರೆ ಆ ಬುತ್ತಿ. ಸೀತನಿ ಸಿಹಿ ಯಾಕೆ ಅಂದರೆ ಬುತ್ತಿಯಲ್ಲಿರುವ ಸಕ್ಕರೆ ಇನ್ನೂ ಪೂರ್ತಿ ಹಿಟ್ಟಾಗಿರುವುದಿಲ್ಲ. ಗಿರಣಿಗೆ ಹೋಗಿ ಬಂದ ಹಿಟ್ಟಿನಲ್ಲಿ ಹೆಚ್ಚಿನ ಪಾಲು ಅದೇ. ಇನ್ನೊಂದು ಮಜಾ ಇದೆ. ಪ್ರತಿ ಕೋಶದ ಕೇಂದ್ರದಲ್ಲಿ ವರ್ಣತಂತು ಎಂಬ ಎಳೆಗಳಿರುತ್ತವೆ. ನಮ್ಮಲ್ಲಿ 46, ಶೇಂಗಾದಲ್ಲಿ 40, ಜೋಳದಲ್ಲಿ 20. ಜೋಳದ ಗಂಡುಕೋಶದಲ್ಲಿ 10, ಅಂಡದಲ್ಲಿ 10, ಕೂಡಿ ಮೊಳಕೆಯಲ್ಲಿ 20. ಆದರೆ ಬುತ್ತಿಯಲ್ಲಿ ಮೂರು ಕೇಂದ್ರ ಕೂಡಿದವಲ್ಲ, ಹಾಗಾಗಿ ಅಲ್ಲಿ 30. ನೀವು ತಿನ್ನುವ ರೊಟ್ಟಿ, ಗಿಡಕ್ಕಿಂತ ಹತ್ತು ಎಳೆ ಹೆಚ್ಚು ಇರುವ ಕೋಶಗಳಿಂದ ಆದದ್ದು.

ಇದನ್ನು ಕೇಳಿ ಮುತ್ಯಾ ತಮ್ಮ ಕೈ ನೋಡಿಕೊಂಡರು. ಎಪ್ಪತ್ತು ವರ್ಷ ರೊಟ್ಟಿ ಮುರಿದ ಕೈ ಅದು. "ಹಂಗಾರ ಮೊಳಕಿಗಿ ಇಟ್ಟ ಬುತ್ತಿ ನಾವು ಕಸ್ಕೊಂಡು ತಿಂತೀವಿ ಅನ್ನು" ಅಂದರು. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ. ಮೊಮ್ಮಗಳಿಗೆ ನಗು ಬಂತು, ಆದರೆ ಮಾತು ಬಿಟ್ಟಿದ್ದಾಳಲ್ಲ, ತಡೆದುಕೊಂಡಳು.

ಹಾಲು ಹೇಗೆ ಗಟ್ಟಿಯಾಗುತ್ತದೆ ಅಂತ ನೋಡಬೇಕಾದರೆ ತೆಂಗಿನಕಾಯಿ ಒಡೆಯಿರಿ. ಎಳೆನೀರು ಕೂಡ ಬುತ್ತಿಯೇ. ಅದರಲ್ಲಿ ಕೋಶದ ಕೇಂದ್ರಗಳು ಗೋಡೆಯಿಲ್ಲದೆ ತೇಲುತ್ತಿರುತ್ತವೆ. ಕಾಯಿ ಬಲಿಯುತ್ತ ಹೋದಂತೆ ಅಂಚಿನಿಂದ ಗೋಡೆ ಕಟ್ಟಿಕೊಂಡು ಬಿಳಿ ಕೊಬ್ಬರಿಯಾಗುತ್ತದೆ. ದೇವರ ಮುಂದೆ ಕಾಯಿ ಒಡೆದಾಗ ನೀರು, ಕೊಬ್ಬರಿ ಎರಡನ್ನೂ ಒಟ್ಟಿಗೆ ನೋಡುತ್ತೀರಿ. ಅದು ಒಂದೇ ವಸ್ತುವಿನ ಎರಡು ಹಂತ.

ಈಗ ಸ್ವಾಮಿಯವರ ಕಡೆಗೆ ಬರೋಣ. ಅವರು ಮನಸ್ಸಿಟ್ಟದ್ದು ಆರ್ಕಿಡ್ ಜಾತಿಯ ಹೂಗಳಲ್ಲಿ. ಮಲೆನಾಡಿನಲ್ಲಿ ಮರಗಳ ಮೇಲೆ ಜೋತುಬೀಳುವ ಸೀತಾಳೆ ದಂಡೆ ಈ ಕುಟುಂಬದ್ದು. ಆರ್ಕಿಡ್ಡಿಗೂ ಕೋಶಕ್ಕೂ ಹಳೆಯ ನಂಟಿದೆ. 1831ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯಶಾಸ್ತ್ರಜ್ಞ ಪ್ರತಿ ಕೋಶದಲ್ಲೂ ಒಂದು ಕೇಂದ್ರ ಇರುವುದನ್ನು ಹೇಳಿ ಅದಕ್ಕೆ ನ್ಯೂಕ್ಲಿಯಸ್ ಎಂದು ಹೆಸರಿಟ್ಟದ್ದು ಆರ್ಕಿಡ್ ಎಲೆಯ ಸಿಪ್ಪೆ ನೋಡುತ್ತಿದ್ದಾಗ. ನೂರು ವರ್ಷ ಕಳೆದ ಮೇಲೆ ಬೆಂಗಳೂರಿನ ಹುಡುಗ ಅದೇ ಕುಟುಂಬದ ಹೂ ಹಿಡಿದ. 1942ರಲ್ಲಿ, ಇಪ್ಪತ್ತನಾಲ್ಕು ವಯಸ್ಸಿನಲ್ಲಿ, ಸಿಂಬಿಡಿಯಮ್ ಬೈಕಲರ್ ಎಂಬ ಆರ್ಕಿಡ್ಡಿನ ಭ್ರೂಣಚೀಲ ಮತ್ತು ಮೊಳಕೆಯ ಬೆಳವಣಿಗೆ ಕುರಿತು ಅವರ ಸಂಶೋಧನಾ ಲೇಖನ ಅಚ್ಚಾಯಿತು.

ಆರ್ಕಿಡ್ಡೇ ಯಾಕೆ? ಅದರ ಬೀಜದಲ್ಲಿ ಬುತ್ತಿಯೇ ಇರುವುದಿಲ್ಲ. ಜೋಳದ ಕಾಳು, ಶೇಂಗಾ, ಹುಣಸೆ ಬೀಜ ನೋಡಿ ಬೆಳೆದ ನಮಗೆ ಅದು ನಂಬಲಾಗದ ಬೀಜ. ಒಂದು ಕಾಯಿ ಒಡೆದರೆ ಹಾರುವುದು ಹಿಟ್ಟಿನ ಧೂಳಿನಂಥ ಪುಡಿ. ಒಂದೊಂದು ಕಾಯಿಯಲ್ಲಿ ಸಾವಿರಾರು, ಕೆಲವು ಜಾತಿಗಳಲ್ಲಿ ಲಕ್ಷಗಟ್ಟಲೆ ಬೀಜ. ಬೀಜದೊಳಗೆ ಎಲೆಯಿಲ್ಲದ, ಬೇರಿಲ್ಲದ ಒಂದಿಷ್ಟು ಕೋಶಗಳ ಉಂಡೆ. ಮಣ್ಣಿನಲ್ಲೋ ಮರದ ತೊಗಟೆಯಲ್ಲೋ ಯಾವುದಾದರೂ ಬೂಷ್ಟು ಬಂದು ಒಳಹೊಕ್ಕು ಊಟ ಕೊಟ್ಟರೆ ಮಾತ್ರ ಅದು ಮೊಳೆಯುತ್ತದೆ. ಇನ್ನೊಂದು ವಿಚಿತ್ರ ಕೇಳಿ. ಜೋಳದ ಹೂವಿನಲ್ಲಿ ಅಂಡಕ ಮೊದಲೇ ತಯಾರಿರುತ್ತದೆ, ಪರಾಗ ಬಿದ್ದ ಕೆಲವೇ ಗಂಟೆಗಳಲ್ಲಿ ಕೂಡಿಕೆ ಮುಗಿಯುತ್ತದೆ. ಅನೇಕ ಆರ್ಕಿಡ್ಡುಗಳಲ್ಲಿ ಪರಾಗ ಬಿದ್ದ ಮೇಲೆಯೇ ಅಂಡಕ ಬೆಳೆಯಲು ಶುರುವಾಗುತ್ತದೆ. ಅಲ್ಲಿಂದ ಕೂಡಿಕೆಗೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ನೆಂಟರು ಬಾಗಿಲಿಗೆ ಬಂದ ಮೇಲೆ ಜೋಳ ಬಿತ್ತಲು ಹೋದ ಹಾಗೆ.

ಬುತ್ತಿ ಇಲ್ಲದ ಮೊಳಕೆ ಬೆಳೆಯುವುದು ಹೇಗೆ? ಮೊಳಕೆಯ ಬುಡದಲ್ಲಿ ಕೆಲವು ಕೋಶಗಳು ಸೇರಿ ಬಾಲದಂಥ ತೊಟ್ಟನ್ನು ಮಾಡುತ್ತವೆ. ತಾಯಿಯ ಹೊಟ್ಟೆಯಲ್ಲಿ ಮಗುವಿಗೆ ಹೊಕ್ಕಳಬಳ್ಳಿ ಇದ್ದಂತೆ ಅಂದುಕೊಳ್ಳಿ. ಸಿಂಬಿಡಿಯಮ್ಮಿನಲ್ಲಿ ಈ ತೊಟ್ಟಿನ ಕೋಶಗಳು ಉದ್ದುದ್ದ ಕೊಳವೆಗಳಾಗಿ ಚಾಚಿಕೊಳ್ಳುತ್ತವೆ. ಬೇರೆ ಜಾತಿಗಳಲ್ಲಿ ಅದರ ಆಕಾರ ಬೇರೆ. ಕೆಲವದರಲ್ಲಿ ಅದು ಇಲ್ಲವೇ ಇಲ್ಲ ಎನ್ನುವಷ್ಟು ಸಣ್ಣದು. ಸ್ವಾಮಿಯವರು ಒಂದಾದ ಮೇಲೊಂದು ಆರ್ಕಿಡ್ ತೆಗೆದುಕೊಂಡು ಈ ತೊಟ್ಟುಗಳನ್ನೂ ಮೊಳಕೆಯ ಕೋಶಗಳು ಒಡೆಯುವ ಕ್ರಮವನ್ನೂ ನೋಡಿ, ಹೋಲಿಸಿ, ಗುಂಪು ಮಾಡಿದರು. 1949ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಅದು ಪ್ರಕಟವಾಯಿತು. ಆರ್ಕಿಡ್ ಮೊಳಕೆಗಳ ಬಗ್ಗೆ ಬರೆಯುವವರು ಆ ಲೇಖನವನ್ನು ಈಗಲೂ ಹೆಸರಿಸುತ್ತಾರೆ.

ಹೂವಿನ ಹೊಟ್ಟೆಯೊಳಗೆ ಇಣುಕುವುದು ಹೇಗೆ ಅಂತ ಹುಡುಗಿ ಕೇಳಿದಳು. ಮೌನ ಮುರಿದದ್ದು ಆಗಲೇ. ಕೆಲಸ ಹೀಗೆ ನಡೆಯುತ್ತದೆ. ಎಳೆಯ ಕಾಯಿಯನ್ನು ಸರಿಯಾದ ದಿನ ಕಿತ್ತು ಔಷಧದ ದ್ರವದಲ್ಲಿ ಹಾಕಬೇಕು, ಕೋಶಗಳು ಇದ್ದ ಸ್ಥಿತಿಯಲ್ಲೇ ನಿಲ್ಲುತ್ತವೆ. ಆಮೇಲೆ ಬೇರೆ ಬೇರೆ ಹದದ ಮದ್ಯಸಾರದಲ್ಲಿ ಒಂದಾದ ಮೇಲೊಂದರಂತೆ ಮುಳುಗಿಸಿ ಒಳಗಿನ ನೀರನ್ನೆಲ್ಲ ತೆಗೆಯಬೇಕು. ಕರಗಿದ ಮೇಣದಲ್ಲಿ ಇಟ್ಟು ಮೇಣದ ಗಟ್ಟಿ ಮಾಡಬೇಕು. ಅದನ್ನು ಮೈಕ್ರೊಟೋಮ್ ಎಂಬ ಯಂತ್ರದಲ್ಲಿ ಹೆರೆಯಬೇಕು. ಒಂದು ಮಿಲಿಮೀಟರಿನ ನೂರನೇ ಒಂದು ಪಾಲು ದಪ್ಪದ ಹೋಳುಗಳು, ನಿಮ್ಮ ತಲೆಗೂದಲಿಗಿಂತ ಎಷ್ಟೋ ತೆಳು. ಹೋಳುಗಳು ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ನಿನ ಹಾಗೆ ಹೊರಬರುತ್ತವೆ. ಅವನ್ನು ಗಾಜಿನ ಪಟ್ಟಿಗೆ ಅಂಟಿಸಲು ಏನು ಬಳಸುತ್ತಿದ್ದರು ಗೊತ್ತೇ? ತತ್ತಿಯ ಬಿಳಿ ಲೋಳೆ! ಆಮೇಲೆ ಬಣ್ಣ. ಕೋಶಕೇಂದ್ರವನ್ನು ಕಡುನೀಲಿಯಾಗಿಸುವ ಹೆಮಟಾಕ್ಸಿಲಿನ್ ಎಂಬ ಬಣ್ಣ ಬರುವುದು ಮಧ್ಯ ಅಮೆರಿಕದ ಒಂದು ಮರದ ತಿರುಳಿನಿಂದ.

ಇಷ್ಟಾದರೂ ಒಂದು ಹೋಳಿನಲ್ಲಿ ಕಾಣುವುದು ಒಂದು ಚೂರು ಮಾತ್ರ. ಭ್ರೂಣಚೀಲದ ತಲೆ ಈ ಹೋಳಿನಲ್ಲಿದ್ದರೆ ಬಾಲ ನಾಲ್ಕನೇ ಹೋಳಿನಲ್ಲಿ. ಒಂದೊಂದನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟು, ನೋಡಿದ್ದನ್ನು ಪೆನ್ಸಿಲಿನಿಂದ ಕಾಗದಕ್ಕೆ ಇಳಿಸಿ, ಎಲ್ಲವನ್ನೂ ಮನಸ್ಸಿನಲ್ಲಿ ಒಂದರ ಮೇಲೊಂದು ಜೋಡಿಸಬೇಕು. ಹೆಚ್ಚಿದ ಬದನೆಕಾಯಿಯ ಬಿಲ್ಲೆಗಳನ್ನು ನೋಡಿ ಇಡೀ ಬದನೆಕಾಯಿಯನ್ನೂ ಅದರೊಳಗೆ ಹುಳ ನಡೆದ ದಾರಿಯನ್ನೂ ಊಹಿಸಿದ ಹಾಗೆ. ಒಂದು ಹಂತ ತಪ್ಪಿದರೆ, ಅಂದರೆ ಕಾಯಿ ಒಂದು ದಿನ ತಡವಾಗಿ ಕಿತ್ತರೆ, ಬೇಕಾದ ಗಳಿಗೆ ದಾಟಿಹೋಗಿರುತ್ತದೆ. ಮತ್ತೆ ಹೂಬಿಡುವ ಕಾಲಕ್ಕೆ ಕಾಯಬೇಕು. ಸ್ವಾಮಿಯವರ ಚಿತ್ರದ ಕೈ ಬಹಳ ಚೊಕ್ಕ. ತಮ್ಮ ಕನ್ನಡ ಪುಸ್ತಕಗಳಿಗೂ ಗಿಡಗಳ ಚಿತ್ರಗಳನ್ನು ತಾವೇ ಬರೆದರು. ಸಂಶೋಧನೆ ಮಾಡುವವರಿಗೆ ಚಿತ್ರ ಬರೆಯುವುದು ಹವ್ಯಾಸವಲ್ಲ, ನೋಡುವ ಒಂದು ವಿಧಾನ. ಗೆರೆ ಎಳೆಯಲು ಹೋದಾಗಲೇ ನಾವು ಸರಿಯಾಗಿ ನೋಡಿಲ್ಲ ಅಂತ ಗೊತ್ತಾಗುವುದು.

ಹಾರ್ವರ್ಡಿನಲ್ಲಿ ಅವರು ಹೂವು ಬಿಟ್ಟು ಕಟ್ಟಿಗೆಯ ಕಡೆ ತಿರುಗಿದರು. ಬೈಲಿಯವರು ಕಟ್ಟಿಗೆಯ ಕೋಶಗಳ ದೊಡ್ಡ ಪಂಡಿತರು. ಭೀಮಾ ನದಿಯಿಂದ ನಮ್ಮೂರ ಕಬ್ಬಿನ ಹೊಲಗಳಿಗೆ ಪೈಪ್‌ಲೈನ್ ಹಾಕಿದ್ದು ನೋಡಿದ್ದೀರಲ್ಲ? ಪೈಪಿಗೆ ಪೈಪು ಜೋಡಿಸಿದಾಗ ನಡುವೆ ತಡೆ ಇರುವುದಿಲ್ಲ, ನೀರು ಸರಾಗ ಹರಿಯುತ್ತದೆ. ಹೂಬಿಡುವ ಹೆಚ್ಚಿನ ಗಿಡಗಳ ಕಟ್ಟಿಗೆಯಲ್ಲಿ ಇಂಥದೇ ವ್ಯವಸ್ಥೆ. ಕೋಶದ ಮೇಲೆ ಕೋಶ ಕೂತು, ನಡುವಿನ ಗೋಡೆ ಕರಗಿ, ಬೇರಿನಿಂದ ಎಲೆಯವರೆಗೆ ಕೊಳವೆಯಾಗುತ್ತದೆ. ಪೈನ್ ಮರದಲ್ಲಿ ಹಾಗಿಲ್ಲ, ಪ್ರತಿ ಕೋಶದ ತುದಿ ಮುಚ್ಚಿರುತ್ತದೆ, ನೀರು ಸಣ್ಣ ಕಿಂಡಿಗಳಿಂದ ಸೋಸಿಕೊಂಡು ಹೋಗಬೇಕು. ಹೂಬಿಡುವ ಗಿಡಗಳಲ್ಲೂ ಹೀಗೆ ಕೊಳವೆಯಿಲ್ಲದ ಕೆಲವೇ ಕೆಲವು ಇವೆ. ಸಾರ್ಕ್ಯಾಂಡ್ರ ಎಂಬ ಪೊದೆಗಿಡ ಅಂಥದು ಎಂದು 1950ರಲ್ಲಿ ಸ್ವಾಮಿ ಮತ್ತು ಬೈಲಿ ತೋರಿಸಿದರು. ಹೂವಿನ ಗಿಡಗಳು ಭೂಮಿಯ ಮೇಲೆ ಮೊದಲು ಹೇಗಿದ್ದವು ಎಂಬ ಹಳೆಯ ಪ್ರಶ್ನೆಗೆ ಇದೊಂದು ಸುಳಿವು. ಮುಂದೆ ದಕ್ಷಿಣ ಭಾರತದಲ್ಲಿ ಸಿಕ್ಕ ಅದೇ ಕುಲದ ಗಿಡವೊಂದಕ್ಕೆ ಸ್ವಾಮಿಯವರು ಸಾರ್ಕ್ಯಾಂಡ್ರ ಇರ್ವಿಂಗ್‌ಬೈಲಿಯೈ ಎಂದು ಗುರುವಿನ ಹೆಸರನ್ನೇ ಇಟ್ಟರು. ಗುರುದಕ್ಷಿಣೆ ಅಂದರೆ ಇದು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1987ರಲ್ಲಿ, ಸ್ವಾಮಿಯವರು ತೀರಿಕೊಂಡು ಏಳು ವರ್ಷವಾದ ಮೇಲೆ, ಅಮೆರಿಕದ ಶೆರ್ವಿನ್ ಕಾರ್ಲ್‌ಕ್ವಿಸ್ಟ್ ಎಂಬ ವಿಜ್ಞಾನಿ ಇನ್ನೂ ಬಲವಾದ ಸೂಕ್ಷ್ಮದರ್ಶಕದಲ್ಲಿ ಸಾರ್ಕ್ಯಾಂಡ್ರದ ಬೇರು ನೋಡಿದರು. ಅಲ್ಲಿ ತೀರ ಹಳೆಯ ನಮೂನೆಯ ಕೊಳವೆಗಳು ಇದ್ದವು. ಗೋಡೆ ಪೂರ್ತಿ ಕರಗದೆ ಅರ್ಧಂಬರ್ಧ ಉಳಿದಂಥವು. ಹಾಗಾದರೆ ಸ್ವಾಮಿಯವರ ಕೆಲಸ ವ್ಯರ್ಥವಾಯಿತೇ ಅಂತ ಹುಡುಗಿಯ ಮುಖ ಸಣ್ಣದಾಯಿತು. ನನಗೆ ಹಾಗೆ ಅನ್ನಿಸುವುದಿಲ್ಲ. ಅವರು ಹೇಳಿರದಿದ್ದರೆ ಆ ಬೇರನ್ನು ಮತ್ತೆ ತೆಗೆದು ನೋಡುವ ಕುತೂಹಲ ಯಾರಿಗೆ ಬರುತ್ತಿತ್ತು?

ಮುತ್ಯಾ ಬಿಡಲಿಲ್ಲ. "ಹೂವಿನ ಮಾತಾತು, ಕಟಿಗಿ ಮಾತಾತು. ರೈತಗ ಏನ್ ಬಂತು?" ಇಲ್ಲಿ ನಾನು ಸ್ವಾಮಿಯವರನ್ನು ಬಿಟ್ಟು ಹೈಬ್ರಿಡ್ ಜೋಳಕ್ಕೆ ಬಂದೆ. ಮುತ್ಯಾಗೆ ಅದು ಚೆನ್ನಾಗಿ ಗೊತ್ತು. ಭಾರತದ ಮೊದಲ ಹೈಬ್ರಿಡ್ ಜೋಳ ಸಿ.ಎಸ್.ಎಚ್.-1 ಬಿಡುಗಡೆಯಾದದ್ದು 1964ರಲ್ಲಿ. ಜೋಳದ ಒಂದೇ ಹೂವಿನಲ್ಲಿ ಗಂಡೂ ಹೆಣ್ಣೂ ಇರುತ್ತವೆ, ತನ್ನ ಪರಾಗ ತನಗೇ ಬೀಳುತ್ತದೆ. ಎರಡು ಬೇರೆ ತಳಿಗಳನ್ನು ಕೂಡಿಸಬೇಕಾದರೆ ಒಂದೊಂದೇ ಹೂವಿನ ಗಂಡುಭಾಗ ಕೀಳಬೇಕು. ಎಕರೆಗಟ್ಟಲೆ ಹೊಲದಲ್ಲಿ ಅದು ಆಗುವ ಮಾತಲ್ಲ. 1954ರಲ್ಲಿ ಅಮೆರಿಕದ ಸ್ಟೀಫನ್ಸ್ ಮತ್ತು ಹಾಲೆಂಡ್ ಎಂಬಿಬ್ಬರು ಒಂದು ದಾರಿ ಹೇಳಿದರು. ಒಂದು ತಳಿಯ ಕೋಶರಸದೊಳಗೆ ಇನ್ನೊಂದು ತಳಿಯ ಕೋಶಕೇಂದ್ರ ಬಂದು ಕೂತರೆ ಎರಡಕ್ಕೂ ಹೊಂದುವುದಿಲ್ಲ, ಆ ಗಿಡದಲ್ಲಿ ಪರಾಗ ಕಟ್ಟುವುದಿಲ್ಲ. ಗಿಡ ಚೆನ್ನಾಗಿರುತ್ತದೆ, ಹೆಣ್ಣುಭಾಗವೂ ಸರಿಯಿರುತ್ತದೆ. ಪಕ್ಕದ ಸಾಲಿನಲ್ಲಿ ಬೇರೆ ತಳಿ ಬಿತ್ತಿದರೆ ಗಾಳಿಯೇ ಕೂಡಿಸುತ್ತದೆ. ಹೈಬ್ರಿಡ್ ಜೋಳದ ಬೀಜ ತಯಾರಾಗುವುದು ಹೀಗೆ. ಕಣ್ಣಿಗೆ ಕಾಣದ ಕೋಶದೊಳಗಿನ ಹೊಂದಾಣಿಕೆ ತಪ್ಪಿದ್ದೇ ದೇಶದ ಕಣಜಕ್ಕೆ ಉಪಕಾರವಾಯಿತು.

"ಅದರ ರೊಟ್ಟಿಗಿ ನಮ್ಮ ಮಾಲದಂಡಿ ರುಚಿ ಇರ್ಲಿಲ್ಲ ಬಿಡು" ಅಂದರು ಮುತ್ಯಾ. ಇದಕ್ಕೆ ನಾನು ಎದುರು ಮಾತಾಡುವುದಿಲ್ಲ. ಆದರೆ ಹೈಬ್ರಿಡ್ ಬೀಜವನ್ನು ಮನೆಯಲ್ಲಿ ಎತ್ತಿಟ್ಟು ಮರುವರ್ಷ ಬಿತ್ತಿದರೆ ಬೆಳೆ ಯಾಕೆ ಒಂದೇ ಸಮ ಬರುವುದಿಲ್ಲ, ಮಾಲದಂಡಿ ಬೀಜ ಯಾಕೆ ವರ್ಷ ವರ್ಷ ನಡೆಯುತ್ತದೆ ಎಂಬುದಕ್ಕೆ ಕಾರಣವೂ ಕೋಶದೊಳಗೇ ಇದೆ ಅಂದಾಗ ಕಿವಿ ಕೊಟ್ಟು ಕೇಳಿದರು. ಒಳಗಿನಿಂದ ಆಯಿ ಕೂಗಿ ಹೇಳಿದರು: "ಸಜ್ಜಿ ಹಿಟ್ಟು ಯಾಕ ಲಗೂನ ಕಹಿ ಆಕ್ಕೈತಿ, ಅದನ್ನೂ ಹೇಳ್ರಿ." ಸಜ್ಜೆಯ ಕಾಳಿನಲ್ಲಿ ಮೊಳಕೆಯ ಭಾಗ ದೊಡ್ಡದು, ಅದರಲ್ಲಿ ಎಣ್ಣೆ ಹೆಚ್ಚು. ಬೀಸಿದಾಗ ಆ ಎಣ್ಣೆ ಹಿಟ್ಟಿಗೆಲ್ಲ ಹರಡಿ ಗಾಳಿಗೆ ಕೆಡುತ್ತದೆ. ಆಯಿ ಬೇಕಾದಷ್ಟೇ ಬೀಸಿಸಿಕೊಳ್ಳುವುದು ಅದಕ್ಕೇ.

ಹುಡುಗಿಗೂ ಒಂದು ಮಾತು ಹೇಳಬೇಕಿತ್ತು. ಕೋಶ ಅಂದರೆ ಶಾಲೆಯಲ್ಲಿ ಮೊದಲು ತೋರಿಸುವುದು ಉಳ್ಳಾಗಡ್ಡಿಯ ಸಿಪ್ಪೆ. ನಮ್ಮ ಜಿಲ್ಲೆಯಲ್ಲಿ ಉಳ್ಳಾಗಡ್ಡಿಗೆ ಬರವೇ? 1939ರಲ್ಲಿ 'ಜರ್ನಲ್ ಆಫ್ ಜೆನೆಟಿಕ್ಸ್' ಎಂಬ ಹೆಸರಾಂತ ಪತ್ರಿಕೆಯಲ್ಲಿ ಉಳ್ಳಾಗಡ್ಡಿ ಕುಲದ ಗಿಡಗಳ ವರ್ಣತಂತುಗಳ ಬಗ್ಗೆ ಉದ್ದನೆಯ ಲೇಖನವೊಂದು ಬಂತು. ಬರೆದವರ ಹೆಸರು ಎಸ್. ಡಬ್ಲ್ಯು. ಮೆಣಸಿನಕಾಯಿ! ಉಳ್ಳಾಗಡ್ಡಿಯ ಒಳಗನ್ನು ಮೆಣಸಿನಕಾಯಿಯವರೇ ನೋಡಿದರು ಅಂತ ನಾನು ಅಂದಾಗ ಮುತ್ಯಾ ಮೊಮ್ಮಗಳು ಇಬ್ಬರೂ ಒಟ್ಟಿಗೆ ನಕ್ಕರು. ಈ ಅಡ್ಡಹೆಸರು ನಮ್ಮ ಕಡೆಯದೇ. ಕೋಶದ ಕೆಲಸ ಬೆಂಗಳೂರಿನ ದೊಡ್ಡ ಮನೆಯವರಿಗೆ ಮಾತ್ರ ಅಂತ ಯಾರೂ ತಿಳಿಯಬಾರದು.

ಓದುವ ದಾರಿ ಉದ್ದ, ಅದನ್ನು ಮುಚ್ಚಿಡಬಾರದು. ಪಿಯುಸಿ ಎರಡು ವರ್ಷ, ಬಿ.ಎಸ್‌ಸಿ., ಎಂ.ಎಸ್‌ಸಿ., ಆಮೇಲೆ ಪಿಎಚ್.ಡಿ. ಅಂತ ನಾಲ್ಕೈದು ವರ್ಷ. ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಆಯ್ಕೆಯಾದರೆ ಪಿಎಚ್.ಡಿ. ಮಾಡುವಾಗ ಸರ್ಕಾರವೇ ತಿಂಗಳಿಗೆ ಇಷ್ಟು ಅಂತ ಹಣ ಕೊಡುತ್ತದೆ. ವಿಜಯಪುರದಲ್ಲೇ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾನಿಲಯ ಇದೆ. ಹಿಂಗಾರಿ ಜೋಳದ ಮೇಲೆ ಕೆಲಸ ಮಾಡುವ ಕೃಷಿ ಸಂಶೋಧನಾ ಕೇಂದ್ರವೂ ವಿಜಯಪುರದ ಹಿಟ್ಟಿನಹಳ್ಳಿ ಫಾರ್ಮಿನಲ್ಲಿದೆ. ಮುತ್ಯಾ ಎಲ್ಲ ಕೇಳಿ, "ಮಾರ್ಕ್ಸ್ ಬರ್ಲಿ ಮೊದ್ಲ" ಅಂದರು. ಇನ್ನೂ ಹೂಂ ಅಂದಿಲ್ಲ. ಆದರೆ ಆ ದಿನ ಇಬ್ಬರೂ ಜೊತೆಯಲ್ಲೇ ಮನೆಗೆ ಹೋದರು.

ಸ್ವಾಮಿಯವರ ಕನ್ನಡ ಪುಸ್ತಕಗಳ ಬಗ್ಗೆ ಹೇಳದಿದ್ದರೆ ಅಜ್ಜ ಅಜ್ಜಿಯರು ನನ್ನನ್ನು ಬಿಡುವುದಿಲ್ಲ. ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡಿಗೆ ಗಿಡ ಹುಡುಕಲು ಹೋದ ಕಥೆ 'ಹಸುರು ಹೊನ್ನು'. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತಂದೆ ಡಿವಿಜಿಯವರಿಗೆ ಅದೇ ಪ್ರಶಸ್ತಿ 1967ರಲ್ಲೇ ಬಂದಿತ್ತು. ಕಾಲೇಜುಗಳ ಒಳಜಗಳವನ್ನು ಗೇಲಿ ಮಾಡಿ ಬರೆದ 'ಕಾಲೇಜು ರಂಗ' ಪುಟ್ಟಣ್ಣ ಕಣಗಾಲರ ಕೈಯಲ್ಲಿ ಸಿನಿಮಾ ಆಯಿತು. ಹಳೆಯ ಕಲ್ಲುಬರಹಗಳಲ್ಲಿ ಬರುವ ಮರಗಿಡಗಳನ್ನು ಹುಡುಕಿ 'ಶಾಸನಗಳಲ್ಲಿ ಗಿಡಮರಗಳು' ಬರೆದರು. ನನಗೆ ಎಲ್ಲಕ್ಕಿಂತ ಇಷ್ಟವಾದ ಹೆಸರು 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕಾ'. ಶೇಂಗಾ, ಮೆಣಸಿನಕಾಯಿ, ಬಟಾಟೆ, ಟೊಮ್ಯಾಟೊ ಎಲ್ಲ ಸಮುದ್ರದಾಚೆಯ ಆ ಸೀಮೆಯಿಂದ ಬಂದವು. ನಮ್ಮ ಶೇಂಗಾ ಚಟ್ನಿಯಲ್ಲಿ ಶೇಂಗಾ, ಕಾರ ಎರಡೂ ಅಲ್ಲಿಯವೇ. ಕೆಳಗಿನ ರೊಟ್ಟಿ ಮಾತ್ರ ಅಮೆರಿಕದ್ದಲ್ಲ, ಜೋಳ ಆಫ್ರಿಕದಿಂದ ಬಂದದ್ದು.

ಈ ವಾರದ ಮನೆಗೆಲಸಕ್ಕೆ ಸೂಕ್ಷ್ಮದರ್ಶಕ ಬೇಡ. ಹತ್ತು ಜೋಳದ ಕಾಳು, ಐದು ಶೇಂಗಾ ಬೀಜ ರಾತ್ರಿ ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ಜೋಳದ ಕಾಳನ್ನು ಉಗುರಿನಿಂದ ಮೆಲ್ಲಗೆ ಒತ್ತಿ, ಬುಡದಿಂದ ಒಂದು ಪುಟ್ಟ ಚೂರು ಜಾರಿ ಹೊರಬರುತ್ತದೆ. ಅದು ಮೊಳಕೆ. ಉಳಿದ ಬಿಳಿ ಭಾಗ ಬುತ್ತಿ. ಶೇಂಗಾ ಸಿಪ್ಪೆ ತೆಗೆದು ಎರಡು ಬೇಳೆ ಬಿಡಿಸಿ. ಅಲ್ಲಿ ಬೇರೆ ಬುತ್ತಿ ಕಾಣುವುದಿಲ್ಲ. ಬೀಜ ಬಲಿಯುವ ಹೊತ್ತಿಗೆ ಮೊಳಕೆ ಅದನ್ನು ತಿಂದು ತನ್ನ ಎರಡು ದಪ್ಪ ಬೇಳೆಗಳಲ್ಲಿ ತುಂಬಿಕೊಂಡಿರುತ್ತದೆ. ತುದಿಯಲ್ಲಿ ಮೂಗಿನ ಹಾಗೆ ಕಾಣುವುದು ಬೇರಾಗುವ ಭಾಗ, ಅದರ ಮೇಲೆ ಎರಡು ಎಲೆಯ ಗುರುತೂ ಕಾಣುತ್ತದೆ. ಅಜ್ಜ ಅಥವಾ ಅಜ್ಜಿಯ ಕನ್ನಡಕ ಕೇಳಿ ಪಡೆದು ಅದರಿಂದ ನೋಡಿದರೆ ಇನ್ನೂ ಚೆನ್ನ. ಎರಡನ್ನೂ ಪಕ್ಕ ಪಕ್ಕ ಬರೆದು ಕಳಿಸಿ. ಬಣ್ಣ ಹಚ್ಚಬೇಡಿ, ಪೆನ್ಸಿಲ್ ಸಾಕು. ಮುಂದಿನ ವಾರ ಶೇಂಗಾ ಹೂವು ಮೇಲೆ ಅರಳಿ ಕಾಯಿ ಮಾತ್ರ ಮಣ್ಣಿನೊಳಗೆ ಯಾಕೆ ಬಿಡುತ್ತದೆ ಅಂತ ನೋಡೋಣ.